ಒಬ್ಬರಿಗೆ ಇಷ್ಟೇ

ಫೆಬ್ರವರಿ 3, ಸೋಮವಾರ

ಸರ್ವರ್ ಮತ್ತೆ ಉಸಿರುಗಟ್ಟಿ ನಿಂತಿತು. ಬ್ಯಾಗು ಮೇಜಿನ ಮೇಲೆ ಇಡುವಷ್ಟರಲ್ಲೇ ಸಾಲು ಸಾಲು ಫೋನು. ಹೊರರೋಗಿ ಕೌಂಟರಿನಲ್ಲಿ ಚೀಟಿ ಬರುತ್ತಿಲ್ಲ. ಔಷಧಿ ಅಂಗಡಿಯಲ್ಲಿ ಬಿಲ್ ಆಗುತ್ತಿಲ್ಲ. ವಾರ್ಡಿನಲ್ಲಿ ರಕ್ತದ ರಿಪೋರ್ಟ್ ತೆರೆಯುತ್ತಿಲ್ಲ. ರೋಗಿಗಳ ಸಾಲು ಗೇಟು ದಾಟಿತ್ತು. ಕಾರಣ ಹುಡುಕಲು ಕಷ್ಟಪಡಬೇಕಾಗಲಿಲ್ಲ — ಬಕಾಸುರ! ಮೂರನೇ ಮಹಡಿಯ ಸಂಶೋಧನೆಯ ಡಾಕ್ಟರು. ಆ ಹೆಸರಿಟ್ಟವಳು ನಾನೇ, ಪುಣ್ಯಕ್ಕೆ ಅವರಿಗೆ ಗೊತ್ತಿಲ್ಲ. ಅವರ ಪ್ರೋಗ್ರಾಮು ಭಾನುವಾರವೆಲ್ಲ ಓಡಿ ಡಿಸ್ಕು ಪೂರ್ತಿ ನುಂಗಿ ಕೂತಿತ್ತು. ಇಡೀ ಆಸ್ಪತ್ರೆಗೆ ಇರುವುದು ಇದೊಂದೇ ಸರ್ವರ್, ಎಲ್ಲರೂ ಒಟ್ಟಿಗೆ ಬಳಸುವ ಯುನಿಕ್ಸ್ ಯಂತ್ರ. ಕೌಂಟರಿನವರೂ ಅದರಲ್ಲೇ, ಸ್ಕ್ಯಾನ್ ರೂಮಿನವರೂ ಅದರಲ್ಲೇ, ಬಕಾಸುರರೂ ಅದರಲ್ಲೇ. ಒಬ್ಬರು ಕಾಲು ಚಾಚಿದರೆ ಉಳಿದವರೆಲ್ಲ ಗೋಡೆಗೆ ಅಂಟಿಕೊಳ್ಳಬೇಕು.

ಬಾಸ್ ಬಂದು ಕುರ್ಚಿಯ ಹಿಂದೆ ನಿಂತರು. "ಇದಕ್ಕೊಂದು ಗತಿ ಕಾಣಿಸಮ್ಮ. ಇನ್ನೊಂದ್ಸಲ ಹೀಗಾದ್ರೆ ಮೇಲಿನವರು ನನ್ನ ಚರ್ಮ ಸುಲೀತಾರೆ. ಆಮೇಲೆ ನಾನು ನಿಂದು."

ಮಿತಿ ಹಾಕುತ್ತೇನೆ ಸರ್ ಎಂದೆ. ಒಬ್ಬ ಬಳಕೆದಾರನಿಗೆ ಇಷ್ಟೇ ಮೆಮೊರಿ. ಇಷ್ಟೇ ಪ್ರೋಗ್ರಾಮು. ಒಂದು ಫೈಲು ಇಷ್ಟೇ ದೊಡ್ಡದು, ಅದಕ್ಕಿಂತ ಒಂದಕ್ಷರ ಹೆಚ್ಚು ಬರೆಯಲು ಹೋದರೆ ಯಂತ್ರವೇ ಬೇಡ ಎನ್ನುತ್ತದೆ. ಯಾವತ್ತೋ ಮಾಡಬೇಕಿತ್ತು.

ಫೆಬ್ರವರಿ 5, ಬುಧವಾರ

ಮಿತಿ ಜಾರಿಯಾಯಿತು. ಎಲ್ಲ ವಿಭಾಗಕ್ಕೂ ಮೇಲ್ ಹಾಕಿದ್ದೆ — ಹೆಚ್ಚು ಬೇಕಾದವರು ಹೇಳಿ, ಸಡಿಲ ಮಾಡುತ್ತೇನೆ. ಬಕಾಸುರರಿಂದ ಎರಡು ಪುಟ ಗೋಳು. ಲ್ಯಾಬಿನವರಿಂದ 'ಸರಿ'. ಸ್ಕ್ಯಾನ್ ರೂಮಿನಿಂದ ಸದ್ದಿಲ್ಲ. ಅಲ್ಲಿ ಮೇಲ್ ಓದುವ ನರಪಿಳ್ಳೆ ಇಲ್ಲವೆಂದು ನನಗೆ ಗೊತ್ತು. ಕೆಳಗಿಳಿದು ಹೋಗಿ ಕೇಳಬಹುದಿತ್ತು. ಸೋಮಾರಿತನ. ಕೂತಲ್ಲೇ ಪರೀಕ್ಷೆ ಮಾಡಿದೆ. ಅವರದು ಸರಳ ಕೆಲಸ: ಸ್ಕ್ಯಾನ್ ಯಂತ್ರ ರೋಗಿಯ ಮೈಯನ್ನು ತೆಳು ತೆಳು ಚಿತ್ರಗಳಾಗಿ ಕಳಿಸುತ್ತದೆ. ನಮ್ಮ ಸರ್ವರಿನಲ್ಲಿ ಯಾರೋ ಎಂದೋ ಬರೆದಿಟ್ಟ ಪ್ರೋಗ್ರಾಮು ಅವನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿ ಒಂದೇ ಫೈಲು ಮಾಡುತ್ತದೆ. ಸ್ಕ್ಯಾನ್ ಓದುವ ಡಾಕ್ಟರಮ್ಮ ಅದನ್ನು ನೋಡಿ ವರದಿ ಬರೆಯುತ್ತಾರೆ. ಮಿತಿ ಹಾಕಿದ ಮೇಲೆ ಬಂದ ಒಂದು ಉದ್ದದ ಸ್ಕ್ಯಾನ್ ತೆರೆದು ನೋಡಿದೆ. ಕತ್ತಿನಿಂದ ತೊಡೆಯವರೆಗೆ ಎಲ್ಲ ಸರಿಯಾಗಿದೆ. ಅಷ್ಟು ಸಾಕು ಎನಿಸಿತು.

ಮನೆಯಲ್ಲಿ ಅತ್ತೆ ಕೇಳಿದರು, "ಏನೇ ಇವತ್ತು ಮುಖ ಅರಳಿದೆ?" ವಿವರಿಸಿದೆ. ಇವರ ಅಮ್ಮ ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು, ಯಾವ ವಿಷಯವೂ ಬಸ್ಸಿಗೇ ಬಂದು ನಿಲ್ಲುತ್ತದೆ. "ಅಂದ್ರೆ ಒಬ್ಬನೇ ಮೂರು ಸೀಟಲ್ಲಿ ಮಲಗೋ ಹಾಗಿಲ್ಲ. ಅಷ್ಟೇ ತಾನೇ? ಅದಕ್ಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ?"

ನಕ್ಕರು, ನಗುತ್ತಲೇ ಸೊಂಟ ಹಿಡಿದುಕೊಂಡು ಕೂತರು. ಈಗ ಅದು ದಿನಾ. ಊಟವೂ ಅರ್ಧವಾಗಿದೆ. ರವಿಕೆ ಜೋಲುತ್ತಿದೆ. ನಿಂತೂ ನಿಂತೂ ಸವೆದ ಸೊಂಟ ಎನ್ನುತ್ತಾರೆ. ಯಾಕೋ ನನಗೆ ಒಳಗೊಳಗೇ ಭಯ.

ಫೆಬ್ರವರಿ 11, ಮಂಗಳವಾರ

ಬಕಾಸುರರು ಮೆಟ್ಟಿಲಿಳಿದು ಬಂದು ಕೂಗಾಡಿದರು. ಅವರ ಫೈಲು ಅರ್ಧಕ್ಕೇ ನಿಂತಿತಂತೆ. "ನನ್ನ ಸಂಶೋಧನೆಗೆ ಕಲ್ಲು ಹಾಕ್ತಿದ್ದೀರಿ!" ಚೂರು ಚೂರು ಮಾಡಿ ಬರೆಯಿರಿ ಸಾರ್ ಎಂದೆ. ಗೊಣಗಿಕೊಂಡು ಹೋದರು. ಬಾಸ್ ಗಾಜಿನಾಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದರು. ಸುಳ್ಳು ಯಾಕೆ, ಹೆಮ್ಮೆಯಾಯಿತು.

ಅತ್ತೆಯನ್ನು ನಮ್ಮ ಆಸ್ಪತ್ರೆಯಲ್ಲೇ ತೋರಿಸಿದೆವು. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಸ್ಕ್ಯಾನಿಗೆ ಬರೆದರು. ಎದೆಯಿಂದ ಸೊಂಟದ ಬುಡದವರೆಗೆ.

ಫೆಬ್ರವರಿ 16, ಭಾನುವಾರ

ರಜೆಯ ದಿನವೂ ಆಸ್ಪತ್ರೆ. ಎಲೆಕ್ಟ್ರಿಷಿಯನ್‌ಗಳು ದೊಡ್ಡ ವೈರು ಬದಲಾಯಿಸಬೇಕೆಂದು ಕರೆಂಟ್ ತೆಗೆದರು. ಸರ್ವರ್ ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಆಗಾಗ ಉಸಿರುಗಟ್ಟಿದರೂ ಒಂದೂವರೆ ವರ್ಷದಿಂದ ಒಮ್ಮೆಯೂ ಆಫ್ ಆಗದೆ ಓಡಿದ ಯಂತ್ರ, ಎದ್ದೀತೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಎದ್ದಿತು. ಎಲ್ಲ ಪ್ರೋಗ್ರಾಮೂ ತಾನಾಗಿ ಶುರುವಾಯಿತು. ಮನೆಗೆ ಬಂದು ಮಲಗಿದೆ.

ಫೆಬ್ರವರಿ 18, ಮಂಗಳವಾರ

ಅತ್ತೆಯ ಸ್ಕ್ಯಾನ್. ಆ ಉಂಗುರದೊಳಗೆ ಹೋಗುವಾಗಲೂ ತಮಾಷೆ — "ಏನಪ್ಪಾ, ಒಳಗೆ ಸೀಟ್ ಇದೆಯಾ?" ಸ್ಕ್ಯಾನ್ ರೂಮಿನಣ್ಣ, ಯಾರಿಗೂ ಹಲ್ಲು ತೋರಿಸದ ಮನುಷ್ಯ, ಅವನೂ ನಕ್ಕ. ಬಾಗಿಲು ಮುಚ್ಚಿದ ಮೇಲೆ ಇವರು ನನ್ನ ಕೈ ಹಿಡಿದುಕೊಂಡರು. ಪ್ರಿಂಟಿಂಗ್ ಪ್ರೆಸ್ಸಿನ ಕೆಲಸದಲ್ಲಿ ಶಾಯಿ ಹತ್ತಿದ ಒರಟು ಕೈ, ಬೆವರುತ್ತಿತ್ತು. ನಾನು ಧೈರ್ಯ ಹೇಳಬೇಕಿತ್ತು. ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತೆ.

ಫೆಬ್ರವರಿ 20, ಗುರುವಾರ

ಏನೂ ಇಲ್ಲ!! ಏನೂ ಇಲ್ಲ. ವರದಿ ಬಂತು. "ಕಂಡ ಭಾಗದಲ್ಲಿ ಯಾವುದೇ ಗಂಭೀರ ದೋಷ ಕಂಡುಬಂದಿಲ್ಲ." ಆಸ್ಪತ್ರೆಯ ಮೆಟ್ಟಿಲ ಮೇಲೇ ನಿಂತು ಇವರಿಗೆ ಫೋನಿನಲ್ಲಿ ಓದಿ ಹೇಳಿದೆ. ಆ ಕಡೆ ಅಳುತ್ತಿದ್ದರು. ಸಂಜೆ ಪೊಟ್ಟಣ ತುಂಬ ಸಿಹಿ ತಂದರು. ಅತ್ತೆ ಪಕ್ಕದ ಮನೆಗೂ ಎದುರು ಮನೆಗೂ ಹಂಚಿ ಬಂದು, "ನೋಡಿದ್ಯಾ, ಬಾಡಿ ಕಂಡಿಶನ್ನಲ್ಲಿದೆ. ಇನ್ನೂ ಹತ್ತು ವರ್ಷ ರೋಡಿಗಿಳಿಯೋಕೆ ಎಫ್‌ಸಿ ಸಿಗುತ್ತೆ" ಎಂದರು. ನೋವಿಗೆ ಮಾತ್ರೆ ಕೊಟ್ಟಿದ್ದಾರೆ. ಇವತ್ತು ಹಾಯಾಗಿ ನಿದ್ದೆ ಮಾಡಬೇಕು.

ಮಾರ್ಚ್ 3, ಸೋಮವಾರ. ಮಧ್ಯಾಹ್ನ

ಬರೆದರೆ ಎಲ್ಲ ಒಂದು ಸಾಲಿಗೆ ಬರುತ್ತದೇನೋ ಎಂದು ಬರೆಯುತ್ತಿದ್ದೇನೆ.

ಮಿತಿ ಹಾಕಿ ತಿಂಗಳಾಯಿತು, ಮೇಲಿನವರಿಗೆ ಒಂದು ಪುಟದ ವರದಿ ಕೊಡು ಎಂದಿದ್ದರು ಬಾಸ್. ಕೊನೆಯ ಎರಡು ವಾರದಲ್ಲಿ ಯಾರು ಎಷ್ಟು ಬಳಸಿದರು ನೋಡುತ್ತಿದ್ದೆ. ಯಾರೂ ಗೆರೆ ದಾಟಿಲ್ಲ. ಸ್ಕ್ಯಾನ್ ರೂಮಿನವರಂತೂ ಎಷ್ಟು ಶಿಸ್ತು — ದೊಡ್ಡ ಫೈಲುಗಳೆಲ್ಲ ಸರಿಯಾಗಿ ಮಿತಿಗೆ ಬಂದು ನಿಂತಿವೆ. ಹಾಗೇ ಬರೆದೂ ಬಿಟ್ಟೆ, 'ಎಲ್ಲ ವಿಭಾಗಗಳೂ ಸಹಕರಿಸಿವೆ'. ಬರೆದು, ಡಬ್ಬಿ ತೆರೆದು ಊಟಕ್ಕೆ ಕೂತೆ. ಎರಡು ತುತ್ತು ಒಳಗೆ ಹೋಗಿತ್ತು.

ಎಲ್ಲ ಒಂದೇ ಗಾತ್ರ. ಕೊನೆಯ ಅಂಕಿಯವರೆಗೂ ಒಂದೇ. ದಪ್ಪಗಿನವರು, ಸಣ್ಣಗಿನವರು, ಉದ್ದ, ಗಿಡ್ಡ — ಇಷ್ಟು ಜನರ ಮೈ ಒಂದೇ ಅಳತೆ ಹೇಗಾಗುತ್ತದೆ?

ಒಂದು ಫೈಲು ತೆರೆದೆ. ಎದೆ. ಯಕೃತ್ತು. ಮೂತ್ರಪಿಂಡ. ಸೊಂಟದ ಮೂಳೆ ಶುರುವಾಗಿ, ಸ್ವಲ್ಪ ಕೆಳಗೆ ಹೋಗಿ… ಮುಗಿಯಿತು. ಅದರ ಕೆಳಗೆ ಏನೂ ಇಲ್ಲ. ಇನ್ನೊಂದು ತೆರೆದೆ. ಅದೂ ಅಷ್ಟೇ. ಹದಿನಾರನೇ ತಾರೀಖಿನಿಂದ ಈಚೆಗೆ ಉದ್ದದ ಸ್ಕ್ಯಾನುಗಳೆಲ್ಲ ಹಾಗೇ. ಅದಕ್ಕೂ ಹಿಂದಿನವು ಪೂರ್ತಿ ಇವೆ.

ಹದಿನೆಂಟು. ಅತ್ತೆಯ ಸ್ಕ್ಯಾನ್ ಹದಿನೆಂಟು.

ಅದನ್ನು ತೆರೆಯಲು ಆಗುತ್ತಿಲ್ಲ.

ಅದೇ ದಿನ. ಸಂಜೆ

ತೆರೆದೆ. ಸೊಂಟದ ಬುಡ ಇಲ್ಲ. ಅತ್ತೆಗೆ ನೋಯುವುದು ಅಲ್ಲೇ.

ಈಗ ಎಲ್ಲ ಅರ್ಥವಾಗುತ್ತಿದೆ, ಅರ್ಥವಾಗದಿದ್ದರೇ ಚೆನ್ನಾಗಿತ್ತು. ಮಿತಿ ಅನ್ವಯವಾಗುವುದು ಹೊಸದಾಗಿ ಶುರುವಾಗುವ ಪ್ರೋಗ್ರಾಮಿಗೆ. ಆಗಲೇ ಓಡುತ್ತಿರುವುದನ್ನು ಅದು ಮುಟ್ಟುವುದಿಲ್ಲ. ಬಸ್ಸು ಹತ್ತುವವರ ಟಿಕೆಟ್ ನೋಡಿ, ಒಳಗಿರುವವರನ್ನು ಬಿಟ್ಟ ಹಾಗೆ. ನಾನು ಪರೀಕ್ಷೆ ಮಾಡಿದ ದಿನ ಸ್ಕ್ಯಾನ್ ರೂಮಿನ ಪ್ರೋಗ್ರಾಮು ಒಂದೂವರೆ ವರ್ಷದಿಂದ ಓಡುತ್ತಲೇ ಇತ್ತು. ಅದಕ್ಕೆ ನನ್ನ ಮಿತಿಯ ಗಾಳಿಯೂ ತಾಗಿರಲಿಲ್ಲ. ಭಾನುವಾರ ಸರ್ವರ್ ನಿಲ್ಲಿಸಿ ಎಬ್ಬಿಸಿದೆನಲ್ಲ, ಆಗ ಅದು ಹೊಸದಾಗಿ ಶುರುವಾಗಿ ಬಲೆಗೆ ಬಿತ್ತು. ಬಕಾಸುರರ ಪ್ರೋಗ್ರಾಮಾದರೆ ನಿಂತು ಕಿರುಚುತ್ತದೆ. ಈ ಹಳೇದು ಕಿರುಚುವುದಿಲ್ಲ. ಹಿಡಿಸಿದಷ್ಟು ಬರೆದು, ಉಳಿದದ್ದು ಬಿಟ್ಟು, ಮುಗಿಯಿತು ಎಂದು ಬಾಗಿಲು ಹಾಕುತ್ತದೆ. ಪರೀಕ್ಷೆಯ ದಿನ ಚಿತ್ರ ನೋಡಿದೆ, ಗಾತ್ರ ನೋಡಲಿಲ್ಲ. ನೋಡಿದ್ದರೆ ಮಿತಿಗಿಂತ ದೊಡ್ಡ ಫೈಲು ಹೇಗೆ ಬಂತು ಎಂದು ಅವತ್ತೇ ಹೊಳೆಯುತ್ತಿತ್ತು. ಹದಿನಾರರಂದು ಯಂತ್ರ ಎದ್ದ ಮೇಲೆ ಇನ್ನೊಂದು ಸಲ ನೋಡಬಹುದಿತ್ತು. ಮನೆಗೆ ಬಂದು ಮಲಗಿದೆ.

ವರದಿ ಮತ್ತೆ ಓದಿದೆ. 'ಕಂಡ ಭಾಗದಲ್ಲಿ'. ಆ ಎರಡು ಪದಗಳನ್ನು ನಾವ್ಯಾರೂ ಓದೇ ಇರಲಿಲ್ಲ.

ಸ್ಕ್ಯಾನ್ ರೂಮಿನ ಮಿತಿ ತೆಗೆದು ಹಾಕಿ ಪ್ರೋಗ್ರಾಮು ಹೊಸದಾಗಿ ಶುರುಮಾಡಿದೆ. ಇನ್ನು ಬರುವವು ಪೂರ್ತಿ ಬರುತ್ತವೆ. ಯಾರಿಗೂ ಹೇಳಲಿಲ್ಲ.

ಮಾರ್ಚ್ 4, ಮಂಗಳವಾರ

ಹೇಳಲಿಲ್ಲ. ಇವತ್ತೂ ಹೇಳಲಿಲ್ಲ.

ಬೆಳಿಗ್ಗೆ ಬಾಸ್ ಕೋಣೆಯವರೆಗೆ ಹೋದೆ. ಒಳಗೆ ಮೇಲಿನವರಿಬ್ಬರು ಕಾಫಿ ಕುಡಿಯುತ್ತಿದ್ದರು. "ಬಾಮ್ಮ ಬಾ, ನಿನ್ನ ಬಗ್ಗೇನೇ ಹೇಳ್ತಿದ್ದೆ. ಒಂದು ತಿಂಗಳಿಂದ ಸರ್ವರ್ ಒಂದ್ಸಲಾನೂ ಬಿದ್ದಿಲ್ಲ ನೋಡಿ ಸಾರ್, ಈ ಹುಡುಗಿ ಕೈಚಳಕ." ಹಲ್ಲು ಕಿರಿದು ನಿಂತೆ.

ತಲೆಯಲ್ಲಿ ನೂರು ಲೆಕ್ಕ. ಕೆಲಸ ಹೋಗುತ್ತದೆ. ಪೊಲೀಸು ಎನ್ನುತ್ತಾರೋ. ಪೇಪರಿನಲ್ಲಿ ಬಂದರೆ? ಇವರ ಮುಖ ಹೇಗೆ ನೋಡುವುದು? ಬಹುಶಃ ಆ ಕೆಳಗಿನ ತುಂಡಿನಲ್ಲಿ ಯಾರಿಗೂ ಏನೂ ಇರಲಿಕ್ಕಿಲ್ಲ. ಹೀಗೆ ಒಂದು ಸಲ. ಮರುಕ್ಷಣ — ಇದ್ದರೆ? ಯಾವಳೋ ಒಬ್ಬಳು ನನ್ನ ಹಾಗೇ ಮೆಟ್ಟಿಲ ಮೇಲೆ ನಿಂತು 'ಏನೂ ಇಲ್ಲವಂತೆ' ಎಂದು ಫೋನಿನಲ್ಲಿ ಅತ್ತಿರುತ್ತಾಳಲ್ಲ.

ಮನೆಗೆ ಬಂದರೆ ಅತ್ತೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದರು, ಕಣ್ಣು ಮುಚ್ಚಿಕೊಂಡು. ನನ್ನ ಹೆಜ್ಜೆ ಕೇಳಿ ನೆಟ್ಟಗಾದರು. "ಏನಿಲ್ಲ ಕಣೇ, ವಯಸ್ಸು. ಸ್ಕ್ಯಾನಲ್ಲೇ ಏನಿಲ್ಲ ಅಂತ ಬಂತಲ್ಲ." ಮಾತ್ರೆ ಒಂದಿದ್ದದ್ದು ಎರಡಾಗಿದೆ. ನಾನು ಎದುರಿಗೆ ನಿಂತಿದ್ದೆ, ಬಾಯಿ ತೆರೆದೆ, ನೀರು ಕೊಡಲಾ ಎಂದು ಕೇಳಿದೆ. ಥೂ ನನ್ನ ಜನ್ಮಕ್ಕೆ.

ಮಾರ್ಚ್ 5, ಬುಧವಾರ

ಬೆಳಿಗ್ಗೆ ನೇರ ಸ್ಕ್ಯಾನ್ ರೂಮಿಗೆ ಹೋದೆ. ಒಂದು ತಿಂಗಳ ಹಿಂದೆ ಇಳಿಯದ ಮೆಟ್ಟಿಲು. ಅಣ್ಣ ಯಂತ್ರ ಒರೆಸುತ್ತಿದ್ದ. ಒಂದೇ ಉಸಿರಿನಲ್ಲಿ ಹೇಳಿದೆ. ಬಟ್ಟೆ ಕೈಯಲ್ಲೇ ಹಿಡಿದು ನಿಂತುಬಿಟ್ಟ.

"ಮೂಲ ಚಿತ್ರ ನಿನ್ನ ಯಂತ್ರದಲ್ಲಿ ಇರುತ್ತಲ್ಲ ಅಣ್ಣಾ?" ಎಂದೆ. "ಮತ್ತೆ ಜೋಡಿಸಿದ್ರೆ ಆಯ್ತಲ್ಲ?"

"ಇರುತ್ತೆ. ಆದ್ರೆ ಜಾಗ ಸಾಲಲ್ಲ ನೋಡಿ. ಹೊಸದು ಬಂದ ಹಾಗೆ ಹಳೇದು ತಾನೇ ಅಳಿಸ್ಕೊಂಡು ಹೋಗುತ್ತೆ. ಹತ್ತು ಹದಿನೈದು ದಿನ, ಅಷ್ಟೇ."

ಅಳಿಸುವುದನ್ನು ಮೊದಲು ನಿಲ್ಲಿಸಿದ. ಆಮೇಲೆ ನೋಡಿದ. ಹೆಚ್ಚಿನವರದು ಇದೆ. ಹತ್ತೊಂಬತ್ತರಿಂದ ಈಚಿನವೆಲ್ಲ ಇವೆ. ಹದಿನೇಳು ಇಲ್ಲ. ಹದಿನೆಂಟು…

"ಹದಿನೆಂಟರದ್ದು ಈಗಿಲ್ಲ. ನಿನ್ನೆ ಸಂಜೆ ಎರಡು ದೊಡ್ಡ ಕೇಸ್ ಬಂತು, ಆವಾಗ ಹೋಗಿದೆ." ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, "ನಿನ್ನೆ ಬೆಳಿಗ್ಗೆ ಬಂದಿದ್ರೆ ಇತ್ತು ಮೇಡಂ" ಎಂದ.

ನಿನ್ನೆ ಬೆಳಿಗ್ಗೆ ನಾನು ಹಲ್ಲು ಕಿರಿಯುತ್ತಿದ್ದೆ.

ಅಲ್ಲಿಂದ ಬಾಸ್. ಕೂಗುತ್ತಾರೆಂದುಕೊಂಡಿದ್ದೆ. ಕೂಗಲಿಲ್ಲ, ಬೆವರಿದರು. "ಎಷ್ಟು ಜನಮ್ಮ?" ಇಪ್ಪತ್ತಕ್ಕೂ ಹೆಚ್ಚು ಎಂದೆ. "ಅಯ್ಯೋ" ಎಂದರು. ಆಮೇಲೆ ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದೆವು. ಅವರಿಗೆ ವಿಷಯ ಪೂರ್ತಿ ಹೇಳಿ ಮುಗಿಸಬೇಕಾಗಲಿಲ್ಲ.

"ಕೊನೇ ಭಾಗ ಇಲ್ಲದ್ದು ನಂಗೆ ಕಂಡಿತ್ತು" ಎಂದರು. "ವಿಕಿರಣ ಕಡಿಮೆ ಮಾಡಿ, ಬೇಕಾದಷ್ಟೇ ಸ್ಕ್ಯಾನ್ ಮಾಡಿ ಅಂತ ಜನವರಿಯಲ್ಲಿ ಸುತ್ತೋಲೆ ಬಂತಲ್ಲ. ರೂಮಿನವರೇ ಗಿಡ್ಡ ಮಾಡ್ತಿದ್ದಾರೆ ಅನ್ಕೊಂಡೆ. ಅದಕ್ಕೇ 'ಕಂಡ ಭಾಗದಲ್ಲಿ' ಅಂತ ಬರೀತಾ ಬಂದೆ. ಒಂದು ಫೋನ್ ಮಾಡಿ ಕೇಳ್ಬೇಕಿತ್ತು ನಾನು." ದೊಡ್ಡ ಡಾಕ್ಟರು, ನನ್ನಷ್ಟೇ ಹೆದರಿದ್ದರು. ನನಗದು ಸಮಾಧಾನವಾಗಲಿಲ್ಲ, ಇನ್ನಷ್ಟು ಭಯವಾಯಿತು.

ಮೂಲ ಚಿತ್ರ ಇರುವವರದನ್ನೆಲ್ಲ ಮತ್ತೆ ಜೋಡಿಸಿ ಕೊಟ್ಟೆ. ಅವರು ಒಂದೊಂದೇ ನೋಡುತ್ತ ಹೋದರು, ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಇಲ್ಲ. ಇಲ್ಲ. ಇಲ್ಲ. ಇಬ್ಬರ ಹೆಸರಿನ ಹತ್ತಿರ ಮಾತ್ರ ನಿಲ್ಲಿಸಿ, ಬಾಸ್ ಕಡೆ ತಿರುಗಿ, ನಾಳೆಯೇ ಕರೆಸಿ ಎಂದರು. ಆ ಇಬ್ಬರ ಮನೆಗೆ ಫೋನು ಹೋಗುವಾಗ ನಾನು ಅಲ್ಲೇ ಇದ್ದೆ. ಆ ಕಡೆಯ ಹೆಂಗಸು "ಏನಿಲ್ಲ ಅಂದಿದ್ರಲ್ಲ?" ಎಂದದ್ದು ಇಲ್ಲಿಯವರೆಗೆ ಕೇಳಿಸಿತು.

ಚಿತ್ರ ಅಳಿಸಿಹೋದವರು ಮತ್ತೆ ಸ್ಕ್ಯಾನ್ ಮಾಡಿಸಬೇಕು.

ಮಾರ್ಚ್ 6, ಗುರುವಾರ

ಇವರಿಗೆ ನಿನ್ನೆಯೇ ಹೇಳಿದೆ. "ಅಮ್ಮನಿಗೆ ನೀನೇ ಹೇಳು" ಎಂದು ಎದ್ದು ಹೋದರು. ಬೈದಿದ್ದರೆ ಹಗುರಾಗುತ್ತಿತ್ತು.

ಬೆಳಿಗ್ಗೆ ಅತ್ತೆ ಕಿಟಕಿಯ ಹತ್ತಿರ ಸೊಪ್ಪು ಬಿಡಿಸುತ್ತಿದ್ದರು. ಎದುರಿಗೆ ನೆಲದ ಮೇಲೆ ಕೂತು ಹೇಳಿದೆ. ಮಿತಿ, ಭಾನುವಾರ, ತುಂಡಾದ ಫೈಲು, ಎಲ್ಲ. ಕೈ ನಿಲ್ಲಿಸದೆ ಕೇಳಿದರು.

"ಅಂದ್ರೆ ನನ್ನ ಊರು ಬರೋ ಮೊದ್ಲೇ ಇಳಿಸಿಬಿಟ್ಟೆ ಅನ್ನು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೂಂ ಅತ್ತೆ ಎಂದೆ.

"ಯಾವಾಗ ಗೊತ್ತಾಯ್ತು ನಿಂಗೆ?"

"ಸೋಮವಾರ."

"ಮಂಗಳವಾರ ಕಟ್ಟೆ ಹತ್ರ ನಿಂತಿದ್ನಲ್ಲ. ನೀರು ಕೊಡಲಾ ಅಂದೆ."

"ಹೆದ್ರಿಕೆ ಆಯ್ತು ಅತ್ತೆ."

ಸೊಪ್ಪು ಕೆಳಗಿಟ್ಟರು. ನನ್ನನ್ನೇ ನೋಡಿದರು. ಟಿಕೆಟ್ ಇಲ್ಲದವರನ್ನು ಎಷ್ಟೋ ವರ್ಷ ನೋಡಿದ ಕಣ್ಣು. "ನಂಗೇನಾಗುತ್ತೋ ಅಂತ ಹೆದ್ರಿದ್ಯಾ, ನಿಂಗೇನಾಗುತ್ತೋ ಅಂತ ಹೆದ್ರಿದ್ಯಾ?"

ಸುಳ್ಳು ಹೇಳಬಹುದಿತ್ತು. ಆಗಲಿಲ್ಲ. "ನಂಗೆ ಅಂತ" ಎಂದೆ.

ಅತ್ತೆ ಎದ್ದರು, ಗೋಡೆ ಹಿಡಿದುಕೊಂಡು. ನಾನು ಕೈ ಕೊಡಲು ಹೋದೆ. ಬೇಡ ಎಂದರು. ದಿನವಿಡೀ ನನ್ನೊಂದಿಗೆ ಮಾತಿಲ್ಲ. ತಮ್ಮ ತಟ್ಟೆ ತಾವೇ ತೊಳೆದುಕೊಂಡರು. ಈ ಮನೆಗೆ ಬಂದಾಗಿನಿಂದ ಅತ್ತೆ ನನ್ನೊಂದಿಗೆ ಜಗಳ ಆಡಿದ್ದಾರೆ, ಸುಮ್ಮನಿದ್ದದ್ದು ಇದೇ ಮೊದಲು. ಕೆಲಸ ಹೋದರೆ ಹೋಗಲಿ. ನಾಳೆಯ ಸ್ಕ್ಯಾನ್ ಒಂದು…

ಮಾರ್ಚ್ 7, ಶುಕ್ರವಾರ. ಆಸ್ಪತ್ರೆಯ ಮೊಗಸಾಲೆ

ಸ್ಕ್ಯಾನ್ ಮುಗಿಯಿತು. ಈ ಸಲ ಒಳಗೆ ಹೋಗುವಾಗ ಅತ್ತೆ ತಮಾಷೆ ಮಾಡಲಿಲ್ಲ. ಫೈಲು ಜೋಡಿಸುವಾಗ ಅಣ್ಣ ಮತ್ತು ನಾನು ಇಬ್ಬರೂ ನಿಂತು ನೋಡಿದೆವು. ಪೂರ್ತಿ ಬಂದಿದೆ. ತೊಡೆಯವರೆಗೆ. ನಾನು ಗಾತ್ರ ಮಾತ್ರ ನೋಡಿದೆ, ಚಿತ್ರ ನೋಡುವ ಧೈರ್ಯ ಬರಲಿಲ್ಲ.

"ಮನೆಗೆ ಹೋಗಿ" ಎಂದರು ಡಾಕ್ಟರಮ್ಮ. "ಏನೂ ಇಲ್ಲದಿದ್ರೆ ಫೋನ್ ಮಾಡಿ ಹೇಳಿಬಿಡ್ತೀನಿ." ನಾವು ಹೋಗಲಿಲ್ಲ. ಇವರು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಾರೆ. ನಾನು ಬೆಂಚಿನಲ್ಲಿ, ಅತ್ತೆ ನನ್ನ ಪಕ್ಕ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದಾರೆ. ಫೋನು ನನ್ನ ತೊಡೆಯ ಮೇಲಿದೆ. ಎರಡು ಸಲ ಎತ್ತಿ ನೋಡಿದೆ, ಸದ್ದು ಆನ್ ಆಗಿದೆಯೇ ಎಂದು. ಆಗಿದೆ.

ದೇವರೇ, ಏನೂ ಇರಬಾರದು. ಇದೊಂದು ಸಲ. ನನ್ನನ್ನು ಏನು ಬೇಕಾದರೂ ಮಾಡು.

ಈಗಷ್ಟೇ ಅತ್ತೆ ಮೊದಲ ಬಾರಿಗೆ ಮಾತಾಡಿದರು. "ಏನೇ ಅದು, ಗೀಚ್ತಾನೇ ಇದ್ದೀಯ?"

"ಸುಮ್ನೆ ಅತ್ತೆ. ಹೊತ್ತು ಹೋಗ್ಲಿ ಅಂತ."

"ಸರ್ಕೊಂಡು ಕೂತ್ಕೋ ಇತ್ತ. ಇಷ್ಟು ಜಾಗ ಯಾರಿಗೆ ಬಿಟ್ಟಿದ್ದೀಯ?"

ಜಾಗ ಬಿಟ್ಟವರು ಅವರೇ. ಸರಿದು ಕೂತೆ. ನನ್ನ ಎಡಗೈ ಎಳೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಅವರ ಕೈಯೂ ತಣ್ಣಗಿದೆ. ಹೆದರಿದ್ದಾರೆ. ಮೂವತ್ತು ವರ್ಷ ಕುಡುಕರನ್ನೂ ರೌಡಿಗಳನ್ನೂ ಬಸ್ಸಿನಿಂದ ಇಳಿಸಿದ ಹೆಂಗಸು, ಹೆದರಿದ್ದಾರೆ. ಬಲಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಫೋನು ಸುಮ್ಮನಿದೆ. ಇವರು ನಡೆಯುವುದು ನಿಲ್ಲಿಸಿದರು. ಮೊಗಸಾಲೆಯ ಆ ಕೊನೆಯಲ್ಲಿ ಬಾಗಿಲು ತೆರೆದಿದೆ. ಡಾಕ್ಟರಮ್ಮ. ಫೋನ್ ಮಾಡುತ್ತೇನೆ ಎಂದಿದ್ದರಲ್ಲ, ಯಾಕೆ ತಾವೇ ನಡೆದು ಬರು